ಶುಕ್ರವಾರ ಸಂಜೆ ಇಟಲಿಗೆ: ಬೊಲೊನ್ಯಾನಾ, ಪಾರ್ಮಾನಾ, ನೇಪಲ್ಸಾ, ಪಲೆರ್ಮೊನಾ?

ಬುಧವಾರ ರಾತ್ರಿ ಮೊಬೈಲಿಗೆ ಮೆಸೇಜ್ ಬರುತ್ತದೆ. "ಸೋಮವಾರ ರಜೆ ಹಾಕಿದೀವಿ. ಇಟಲಿಗೆ ಹೋಗಿ ಚೆನ್ನಾಗಿ ತಿಂದು ಬರೋಣ ಅಂತ. ಎಲ್ಲರೂ ಬೊಲೊನ್ಯಾ ಬೊಲೊನ್ಯಾ ಅಂತಾರಲ್ಲ, ಅಲ್ಲಿಗೇ ಹೋಗೋದಾ? ಇಲ್ಲ ನೇಪಲ್ಸಾ?" ನಾವು ಜರ್ಮನಿಯ ಮ್ಯೂನಿಕ್‌ಗೆ ಬಂದು ಒಂಬತ್ತು ವರ್ಷವಾಯಿತು. ಈ ಪ್ರಶ್ನೆಗೆ ಉತ್ತರ ಬರೆದು ಬರೆದು ಸಾಕಾಗಿದೆ. ಒಂದು ಸಲ ಕೂತು ಪೂರ್ತಿ ಬರೆದಿಟ್ಟರೆ ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸಬಹುದು, ಅಲ್ವಾ?

ನಾನು ಮೊದಲು ತಿರುಗಿ ಕೇಳುವುದು ಒಂದೇ ಮಾತು. "ನಿಮ್ಮ ಗುಂಪಿನಲ್ಲಿ ಮೊಟ್ಟೆ ತಿನ್ನದವರು ಇದ್ದಾರಾ?" ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. ಇದು ಈಗಾಗಲೇ ಯೂರೋಪಿನಲ್ಲಿ ಇರುವವರಿಗೆ, ಇಲ್ಲವೇ ಕಂಪನಿ ಕೆಲಸಕ್ಕೆ ಬಂದು ವೀಸಾದಲ್ಲಿ ಮೂರ್ನಾಲ್ಕು ದಿನ ಉಳಿಸಿಕೊಂಡವರಿಗೆ. ಬೆಂಗಳೂರಿನಿಂದ ಹೀಗೆ ದಿಢೀರ್ ಅಂತ ಹೊರಡಲು ಆಗುವುದಿಲ್ಲ. ಷೆಂಗೆನ್ ವೀಸಾ, ಅಂದರೆ ಇಟಲಿಯೂ ಸೇರಿ ಯೂರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ, ಅದಕ್ಕೆ ಅರ್ಜಿ ಕೊಟ್ಟ ಮೇಲೆ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ. ಲಂಡನ್ನಿನವರೂ ನೋಡಿಕೊಳ್ಳಿ. ಬ್ರಿಟನ್ ವೀಸಾ ಇಟಲಿಯಲ್ಲಿ ನಡೆಯುವುದಿಲ್ಲ. ಜರ್ಮನಿ, ನೆದರ್‌ಲ್ಯಾಂಡ್ಸ್, ಸ್ವಿಟ್ಜರ್‌ಲ್ಯಾಂಡ್ ಕಡೆಯವರು ನಿವಾಸದ ಕಾರ್ಡ್ ಜೊತೆ ಪಾಸ್‌ಪೋರ್ಟನ್ನೂ ಚೀಲಕ್ಕೆ ಹಾಕಿಕೊಳ್ಳಿ. ಗಡಿಯಲ್ಲಿ ರೈಲಿಗೆ ಹತ್ತಿ ಕೇಳುವುದುಂಟು.

ಯಾವುದನ್ನು ನೋಡಿ ಆರಿಸಬೇಕು

ದಿಢೀರ್ ಪ್ರವಾಸಕ್ಕೆ ಅಳತೆಗೋಲು ಬೇರೆ. ಆರು ತಿಂಗಳು ಮೊದಲೇ ಪ್ಲಾನ್ ಮಾಡಿದವರಿಗೆ ಎಲ್ಲ ಊರೂ ಚೆನ್ನ. ಎರಡು ದಿನ ಮುಂಚೆ ಹೊರಟವರಿಗೆ ನಾನು ನಾಲ್ಕು ವಿಷಯ ನೋಡಿ ಹೇಳುತ್ತೇನೆ.

ಒಂದು, ಬುಕ್ ಮಾಡದೆ ಹೋದರೆ ಊಟ ಸಿಗುತ್ತದೆಯೇ? ಇಟಲಿಯಲ್ಲಿ ಊಟಕ್ಕೊಂದು ಹೊತ್ತಿದೆ. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆ, ರಾತ್ರಿ ಏಳೂವರೆ ಮೇಲೆ. ನಡುವೆ ಅಡುಗೆಮನೆ ಬಂದ್. ನಾವು ಮೊದಲ ಸಲ ಬೊಲೊನ್ಯಾದಲ್ಲಿ ಇಳಿದದ್ದು ಮಧ್ಯಾಹ್ನ ಮೂರಕ್ಕೆ. ಜಗತ್ತಿಗೆಲ್ಲ ಊಟಕ್ಕೆ ಹೆಸರಾದ ಊರಿನಲ್ಲಿ ಸ್ಟೇಷನ್ ಮುಂದೆ ನಿಂತು ಚಿಪ್ಸ್ ತಿಂದೆವು.

ಎರಡು, ನೀವು ಏನು ತಿನ್ನುತ್ತೀರಿ? ಮಾಂಸ, ಮೊಟ್ಟೆ ಅಷ್ಟೇ ಅಲ್ಲ. ಇಟಲಿಯಲ್ಲಿ ಕಣ್ಣಿಗೆ ಕಾಣದ ಇನ್ನೆರಡು ಪದಾರ್ಥ ಇವೆ. ಒಂದು ಸ್ತ್ರುತ್ತೊ, ಅಂದರೆ ಹಂದಿ ಕೊಬ್ಬು. ರೊಟ್ಟಿ, ಕರಿದ ತಿಂಡಿ, ಸಿಹಿ ಎಲ್ಲದಕ್ಕೂ ಹಾಕುವ ರೂಢಿ ಹಳೆಯದು. ಇನ್ನೊಂದು ಚೀಸ್ ಮಾಡಲು ಹಾಲು ಒಡೆಸುವ ರೆನೆಟ್. ಪಾರ್ಮಿಜಾನೊ ರೆಜ್ಜಾನೊ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟನ್ನೇ ಹಾಕಬೇಕು ಅಂತ ನಿಯಮವೇ ಇದೆ. ಇದಕ್ಕೆ ತಲೆ ಕೆಡಿಸಿಕೊಳ್ಳದವರು ಜಾಸ್ತಿ. ಕೆಡಿಸಿಕೊಳ್ಳುವವರು ಮೊದಲೇ ತಿಳಿದಿರಲಿ.

ಮೂರು, ಖರ್ಚು. ಕೊನೆ ಗಳಿಗೆಯಲ್ಲಿ ರೂಮು ಮತ್ತು ಟಿಕೆಟ್ ಎಷ್ಟು ಏರುತ್ತದೆ ಅನ್ನುವುದೇ ಇಲ್ಲಿ ಲೆಕ್ಕ. ನಾಲ್ಕು, ಜೊತೆಗೆ ಯಾರಿದ್ದಾರೆ? ಮಂಡಿ ನೋವಿನ ಅಪ್ಪ ಅಮ್ಮ, ತಳ್ಳುಗಾಡಿಯ ಮಗು, ಇಲ್ಲ ಬರೀ ಗೆಳೆಯರಾ?

ಬೊಲೊನ್ಯಾ: ಮಳೆ ಬಂದರೂ ನಡೆಯುತ್ತದೆ, ಮೇಳ ಬಂದರೆ ನಡೆಯುವುದಿಲ್ಲ

ಬೊಲೊನ್ಯಾಕ್ಕೆ ಇಟಲಿಯವರು ಇಟ್ಟ ಅಡ್ಡಹೆಸರು ಮೂರು. ಓದಿದವಳು, ಕೊಬ್ಬಿದವಳು, ಕೆಂಪನೆಯವಳು. 1088ರಲ್ಲಿ ಶುರುವಾಯಿತು ಅನ್ನುವ ವಿಶ್ವವಿದ್ಯಾಲಯಕ್ಕಾಗಿ ಮೊದಲನೆಯದು, ಊಟಕ್ಕಾಗಿ ಎರಡನೆಯದು, ಇಟ್ಟಿಗೆ ಬಣ್ಣದ ಮನೆಗಳಿಗಾಗಿ ಮೂರನೆಯದು. ಊರಿನ ರಾಜಕೀಯವೂ ಕೆಂಪೇ ಅನ್ನಿ.

ದಿಢೀರ್ ಬಂದವರಿಗೆ ಇಲ್ಲಿನ ದೊಡ್ಡ ಅನುಕೂಲ ಊಟವಲ್ಲ, ಸೂರು. ಬೀದಿ ಬದಿಯ ಕಮಾನು ಮೊಗಸಾಲೆಗಳು ಎಲ್ಲ ಸೇರಿ 62 ಕಿಲೋಮೀಟರ್ ಇವೆ. ಯುನೆಸ್ಕೊ 2021ರಲ್ಲಿ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹವಾಮಾನ ನೋಡದೆ ಟಿಕೆಟ್ ತೆಗೆಯಬಹುದು. ಜಡಿಮಳೆಯಲ್ಲೂ ಕೊಡೆ ಬಿಚ್ಚದೆ ಊರು ಸುತ್ತಬಹುದು. ಸಾನ್ ಲೂಕಾ ಗುಡ್ಡದ ಚರ್ಚಿಗೆ ಹೋಗುವ ದಾರಿಗೂ ಸೂರಿದೆ. ಸುಮಾರು ನಾಲ್ಕು ಕಿಲೋಮೀಟರ್, 666 ಕಮಾನು. ಕೊನೆಯ ಅರ್ಧ ಏರು. ತಿಂದದ್ದು ಕರಗಿಸಲು ಒಳ್ಳೆಯ ದಾರಿ.

ತಲುಪುವುದೂ ಸುಲಭ. ವಿಮಾನ ನಿಲ್ದಾಣದಿಂದ ಸಣ್ಣ ಮಾನೊರೈಲು ಏಳೆಂಟು ನಿಮಿಷದಲ್ಲಿ ಮುಖ್ಯ ಸ್ಟೇಷನ್ನಿಗೆ ಬಿಡುತ್ತದೆ. ಅಷ್ಟು ಸಣ್ಣ ದೂರಕ್ಕೆ ಹನ್ನೆರಡು ಯೂರೊ ಮೇಲೆ ಕೀಳುತ್ತಾರೆ ಅನ್ನುವುದು ಬೇರೆ ಮಾತು. ಮಿಲಾನ್‌ನಿಂದ ವೇಗದ ರೈಲಿಗೆ ಒಂದು ಗಂಟೆ ಚಿಲ್ಲರೆ, ಫ್ಲಾರೆನ್ಸ್‌ನಿಂದ ನಲವತ್ತು ನಿಮಿಷದ ಒಳಗೆ. ಮ್ಯೂನಿಕ್ ಕಡೆಯಿಂದ ಆಲ್ಪ್ಸ್ ಬೆಟ್ಟಗಳ ಬ್ರೆನ್ನರ್ ಕಣಿವೆ ದಾಟಿ ಹಗಲು ರೈಲಿನಲ್ಲೇ ಬರಬಹುದು, ಸುಮಾರು ಏಳು ಗಂಟೆ. ಕಿಟಕಿ ಪಕ್ಕ ಸೀಟು ಸಿಕ್ಕರೆ ಅದೇ ಅರ್ಧ ಪ್ರವಾಸ.

ಇನ್ನು ಊಟ. ಮಾಂಸ ತಿನ್ನುವವರಾದರೆ ಇಲ್ಲಿ ಯೋಚಿಸುವುದೇ ಬೇಡ. ತಾಲ್ಯಾತೆಲ್ಲೆ ಅಂದರೆ ಮೊಟ್ಟೆ ಹಾಕಿ ಕಲಸಿ ಲಟ್ಟಿಸಿದ ರಿಬ್ಬನ್ನಿನಂಥ ಪಾಸ್ತಾ. ಅದರ ಜೊತೆ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕುದಿಸಿದ ರಾಗೂ. ಹೆಸರು ಕೇಳಿ ರಾಗಿ ಅಂದುಕೊಳ್ಳಬೇಡಿ, ಪೂರ್ತಿ ಮಾಂಸ. ಹೊರದೇಶದಲ್ಲೆಲ್ಲ ಸ್ಪಗೆಟ್ಟಿ ಬೊಲೊನೇಸ್ ಅಂತ ಮಾರುತ್ತಾರಲ್ಲ, ಆ ಹೆಸರು ಹೇಳಿದರೆ ಇಲ್ಲಿನ ಅಜ್ಜಿಯರು ಮುಖ ತಿರುಗಿಸುತ್ತಾರೆ. ತಾಲ್ಯಾತೆಲ್ಲೆ ಎಷ್ಟು ಅಗಲ ಇರಬೇಕು ಅಂತ 1972ರಲ್ಲಿ ಊರಿನ ವಾಣಿಜ್ಯ ಮಂಡಳಿಯಲ್ಲಿ ಚಿನ್ನದ ಮಾದರಿಯನ್ನೇ ಇಟ್ಟಿದ್ದಾರೆ. ಬೆಂದ ಮೇಲೆ 8 ಮಿಲಿಮೀಟರ್. ಊರಿನ ಗುರುತಾದ ಅಸಿನೆಲ್ಲಿ ಗೋಪುರದ ಎತ್ತರವನ್ನು 12,270 ಭಾಗ ಮಾಡಿದರೆ ಬರುವ ಒಂದು ಭಾಗವಂತೆ ಅದು. ಊಟದ ವಿಷಯದಲ್ಲಿ ಇಷ್ಟು ಹಟ ಹಿಡಿಯುವವರನ್ನು ಕಂಡರೆ ನನಗೆ ಗೌರವ.

ಮಾಂಸ ಬೇಡ, ಮೊಟ್ಟೆ ಪರವಾಗಿಲ್ಲ ಅನ್ನುವವರಿಗೆ ಒಳ್ಳೆಯ ಊಟ ಸಿಗುತ್ತದೆ, ಆದರೆ ಎರಡು ದಿನಕ್ಕೆ ಸಾಕಾಗಬಹುದು. ತೊರ್ತೆಲ್ಲೊನಿ ಕೇಳಿ. ರಿಕೊತ್ತಾ ಚೀಸ್ ತುಂಬಿದ ದೊಡ್ಡ ಕಡುಬಿನಂಥದ್ದು, ಬೆಣ್ಣೆ ಮತ್ತು ಸೇಜ್ ಎಲೆಯ ಒಗ್ಗರಣೆ. ಹೆಸರು ಸರಿಯಾಗಿ ಹೇಳಬೇಕು. ತೊರ್ತೆಲ್ಲಿನಿ ಅಂದರೆ ಸಣ್ಣದು, ಒಳಗೆ ಹಂದಿ ಮಾಂಸ, ಬರುವುದು ಮಾಂಸದ ಸಾರಿನಲ್ಲಿ. ಒಂದು ಅಕ್ಷರ ತಪ್ಪಿದರೆ ಊಟವೇ ಬೇರೆ. ಕ್ರೆಶೆಂತಿನೆ ಅನ್ನುವ ಉಬ್ಬಿದ ಪೂರಿಯಂಥದ್ದು ನೋಡಿದರೆ ಬಾಯಲ್ಲಿ ನೀರೂರುತ್ತದೆ. ಕರಿದದ್ದು ಹೆಚ್ಚಾಗಿ ಹಂದಿ ಕೊಬ್ಬಿನಲ್ಲಿ. ಕೇಳಿಯೇ ತಿನ್ನಿ.

ಮೊಟ್ಟೆಯೂ ಬೇಡ ಅನ್ನುವವರಿಗೆ ಬೊಲೊನ್ಯಾ ಕಷ್ಟ. ಉತ್ತರ ಇಟಲಿಯ ಈ ಭಾಗದಲ್ಲಿ ಹಸಿ ಪಾಸ್ತಾ ಅಂದರೆ ಮೈದಾದಂಥ ಮೆತ್ತನೆ ಹಿಟ್ಟು ಮತ್ತು ಮೊಟ್ಟೆ. ದಕ್ಷಿಣದಲ್ಲಿ ಒಣ ಪಾಸ್ತಾ, ಗಟ್ಟಿ ಗೋಧಿಯ ರವೆ ಮತ್ತು ನೀರು, ಅಷ್ಟೇ. ನಾನು ಮೊದಲೇ ಮೊಟ್ಟೆಯ ಪ್ರಶ್ನೆ ಕೇಳಿದ್ದು ಇದಕ್ಕೇ. ಮೊಟ್ಟೆ ತಿನ್ನದವರನ್ನು ಬೊಲೊನ್ಯಾಕ್ಕೆ ಕರೆದುಕೊಂಡು ಹೋದರೆ ಊರಿನ ಹೆಮ್ಮೆಯ ತಟ್ಟೆಗಳನ್ನೆಲ್ಲ ಅವರು ನೋಡುತ್ತ ಕೂರಬೇಕಾಗುತ್ತದೆ.

ಖರ್ಚಿನ ಕಥೆ ಹೀಗೆ. ಪಾಸ್ತಾ ತಟ್ಟೆಗೆ 12ರಿಂದ 16 ಯೂರೊ. ಮೇಲೆ ಕೊಪೆರ್ತೊ ಅಂತ ಕೂತದ್ದಕ್ಕೇ ತಲೆಗೆ ಎರಡು ಮೂರು ಯೂರೊ. ಅದು ಮೋಸವಲ್ಲ, ಪದ್ಧತಿ. ಮೆನುವಿನಲ್ಲಿ ಬರೆದಿರುತ್ತಾರೆ. ವಿದ್ಯಾರ್ಥಿಗಳ ಊರಾದ್ದರಿಂದ ಅಗ್ಗದ ದಾರಿಯೂ ಇದೆ. ಮೆರ್ಕಾತೊ ದೆಲ್ಲೆ ಎರ್ಬೆ ಮಾರುಕಟ್ಟೆಯಲ್ಲಿ ಹಣ್ಣು, ಬ್ರೆಡ್, ಚೀಸ್ ಕೊಳ್ಳಿ. ಹತ್ತಿರದಲ್ಲೇ 1465ರಿಂದ ಇರುವ ಒಸ್ತೆರಿಯಾ ದೆಲ್ ಸೋಲೆ ಅನ್ನುವ ವೈನ್ ಅಂಗಡಿ ಇದೆ. ಅಲ್ಲಿ ಊಟ ಮಾರುವುದಿಲ್ಲ. ನೀವೇ ಬುತ್ತಿ ತಂದು ಬಿಚ್ಚಿಕೊಳ್ಳಬೇಕು, ಕುಡಿಯಲು ಏನಾದರೂ ಕೊಂಡರೆ ಆಯಿತು. ನಾವು ಒಮ್ಮೆ ಚಟ್ನಿಪುಡಿ ಹಾಕಿದ ಬ್ರೆಡ್ ಬಿಚ್ಚಿದ್ದೆವು. ಯಾರೂ ತಿರುಗಿ ನೋಡಲಿಲ್ಲ. ಪಕ್ಕದ ಮೇಜಿನ ಮುದುಕರೊಬ್ಬರು ಮಾತ್ರ ಒಂದು ಚಿಟಿಕೆ ಕೇಳಿ ಕಣ್ಣೀರು ಹಾಕಿದರು.

ರೂಮಿನ ವಿಷಯದಲ್ಲಿ ಹುಷಾರು. ಬೊಲೊನ್ಯಾ ವ್ಯಾಪಾರ ಮೇಳಗಳ ಊರು. ವಸಂತದಲ್ಲಿ ಸೌಂದರ್ಯ ಸಾಮಗ್ರಿಗಳ ಕಾಸ್ಮೊಪ್ರೊಫ್ ಮೇಳ, ಮಕ್ಕಳ ಪುಸ್ತಕ ಮೇಳ, ವರ್ಷವಿಡೀ ಇನ್ನೂ ಎಷ್ಟೋ. ಆ ದಿನಗಳಲ್ಲಿ ಕೊನೆ ಗಳಿಗೆಯ ರೂಮು ಎರಡು ಮೂರು ಪಟ್ಟು. ನಮಗೆ ಹಾಗೇ ಆಗಿತ್ತು. ಗುರುವಾರ ರಾತ್ರಿ ನೋಡಿದರೆ ಸಾಧಾರಣ ಹೋಟೆಲಿನ ಬಾಡಿಗೆ ನಮ್ಮ ವಿಮಾನದ ಟಿಕೆಟ್ ಎರಡನ್ನೂ ಮೀರಿಸಿತ್ತು. ಮೇಳ ಅಂತ ಗೊತ್ತಾದದ್ದು ಆಮೇಲೆ. ತಲೆ ಕೆರೆದುಕೊಂಡು ಪಕ್ಕದ ಊರು ಮೊದೆನಾದಲ್ಲಿ ರೂಮು ಹಿಡಿದೆವು. ಅದೇ ನಮ್ಮ ಅದೃಷ್ಟ.

ಇನ್ನೊಂದು. ಊರಿನ ಗುರುತಾದ ಎರಡು ಗೋಪುರಗಳನ್ನು ಈಗ ಕೆಳಗಿನಿಂದ ನೋಡಬೇಕಷ್ಟೆ. ವಾಲಿದ ಗರಿಸೆಂದಾ ಗೋಪುರ ಇನ್ನಷ್ಟು ಅಲುಗಾಡುತ್ತಿದೆ ಅಂತ 2023ರ ಅಕ್ಟೋಬರ್‌ನಲ್ಲಿ ಸುತ್ತ ಬೇಲಿ ಹಾಕಿದರು. ಪಕ್ಕದ 97 ಮೀಟರ್ ಎತ್ತರದ ಅಸಿನೆಲ್ಲಿಯನ್ನು ಹತ್ತುವುದನ್ನೂ ನಿಲ್ಲಿಸಿದರು. ಬೇಜಾರು ಬೇಡ. ಸಾನ್ ಪೆತ್ರೊನಿಯೊ ಚರ್ಚಿನ ನೆಲದಲ್ಲಿ 1655ರಲ್ಲಿ ಖಗೋಳ ವಿಜ್ಞಾನಿ ಕಸ್ಸೀನಿ ಎಳೆಸಿದ ಸೂರ್ಯರೇಖೆ ಇದೆ. ಚಾವಣಿಯ ತೂತಿನಿಂದ ಬಿದ್ದ ಬಿಸಿಲಿನ ಬೊಟ್ಟು ನಡುಹಗಲಿಗೆ ಸರಿಯಾಗಿ ಆ ಗೆರೆ ದಾಟುವುದನ್ನು ನೋಡಿ. ಮಕ್ಕಳಿಗೂ ಇಷ್ಟವಾಗುತ್ತದೆ.

ಮೊದೆನಾ ಮತ್ತು ಪಾರ್ಮಾ: ಬೊಲೊನ್ಯಾದ ಬದಲಿಗಾ, ಜೊತೆಗಾ?

ಬೊಲೊನ್ಯಾದಿಂದ ಮೊದೆನಾಕ್ಕೆ ಲೋಕಲ್ ರೈಲಿನಲ್ಲಿ ಅರ್ಧ ಗಂಟೆ ಒಳಗೆ. ಪಾರ್ಮಾಕ್ಕೆ ಒಂದು ಗಂಟೆ. ಎರಡಕ್ಕೂ ಹತ್ತು ಯೂರೊ ಒಳಗೇ ಟಿಕೆಟ್. ಇಟಲಿಯ ಲೋಕಲ್ ರೈಲಿಗೆ ದರ ನಿಗದಿ. ತಿಂಗಳ ಹಿಂದೆ ಕೊಂಡರೂ ಹತ್ತು ನಿಮಿಷ ಮುಂಚೆ ಕೊಂಡರೂ ಅಷ್ಟೇ. ವೇಗದ ರೈಲಿನದು ಹಾಗಲ್ಲ, ಹತ್ತಿರ ಬಂದಷ್ಟೂ ಏರುತ್ತದೆ. ದಿಢೀರ್ ಹೊರಟವರಿಗೆ ಲೋಕಲ್ ರೈಲೇ ದೇವರು. ಕಾಗದದ ಟಿಕೆಟ್ ಆದರೆ ಹತ್ತುವ ಮುಂಚೆ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಿಕೊಳ್ಳಿ. ಮರೆತರೆ ದಂಡ.

ನಮ್ಮ ಅನುಭವದಲ್ಲಿ ಮೊದೆನಾದಲ್ಲಿ ಮಲಗಿ ಬೊಲೊನ್ಯಾದಲ್ಲಿ ಉಣ್ಣುವುದು ಒಳ್ಳೆಯ ಲೆಕ್ಕ. ಒಂದೇ ಕೊರತೆ, ರಾತ್ರಿ ಕೊನೆ ರೈಲಿನ ಹೊತ್ತು ನೋಡಿಕೊಂಡು ಊಟ ಮುಗಿಸಬೇಕು. ಮೊದೆನಾವೇ ಸಣ್ಣ, ಚೊಕ್ಕ ಊರು. 1099ರಲ್ಲಿ ಕಟ್ಟಲು ಶುರುಮಾಡಿದ ದೊಡ್ಡ ಚರ್ಚು, ಪಕ್ಕದ ಗಿರ್ಲಂದೀನಾ ಗೋಪುರ, ಮುಂದಿನ ಚೌಕ, ಮೂರೂ ಸೇರಿ 1997ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ಬೆಳಿಗ್ಗೆ ಅಲ್ಬಿನೆಲ್ಲಿ ಮಾರುಕಟ್ಟೆಗೆ ಹೋಗಲೇಬೇಕು. ಕಾರಿನ ಹುಚ್ಚಿರುವ ಮಗ ಮಗಳು ಇದ್ದರೆ ಸ್ಟೇಷನ್ನಿನಿಂದ ನಡೆಯುವಷ್ಟು ದೂರದಲ್ಲೇ ಎನ್ಝೊ ಫೆರಾರಿ ಮ್ಯೂಸಿಯಂ ಇದೆ. ಆಮೇಲೆ ನೀವು ಬೇರೆ ಏನೂ ತೋರಿಸದಿದ್ದರೂ ನಡೆಯುತ್ತದೆ.

ಮೊದೆನಾದ ಹೆಮ್ಮೆ ಸಸ್ಯಾಹಾರಿಗಳಿಗೂ ಸಲ್ಲುತ್ತದೆ. ಅದು ಬಾಲ್ಸಾಮಿಕೊ ವಿನೆಗರ್. ಸೂಪರ್‌ಮಾರ್ಕೆಟ್ಟಿನಲ್ಲಿ ಮೂರು ಯೂರೊಗೆ ಸಿಗುವುದು ದ್ರಾಕ್ಷಿ ರಸಕ್ಕೆ ವೈನ್ ವಿನೆಗರ್ ಬೆರೆಸಿದ್ದು, 60 ದಿನ ಇಟ್ಟರೆ ಸಾಕು. ಸಾಂಪ್ರದಾಯಿಕ ಅಂತ ಚೀಟಿ ಇರುವುದೇ ಬೇರೆ. ಕಾಯಿಸಿದ ದ್ರಾಕ್ಷಿ ರಸವನ್ನಷ್ಟೇ ಅಟ್ಟದ ಮೇಲೆ ಮರದ ಪೀಪಾಯಿಗಳಲ್ಲಿ ಕನಿಷ್ಠ 12 ವರ್ಷ ಇಡುತ್ತಾರೆ, ಹಳೆಯದಾದರೆ 25 ವರ್ಷ. 100 ಮಿಲಿಲೀಟರಿನ ಒಂದೇ ಆಕಾರದ ಗುಂಡು ಬಾಟಲಿ. ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಕೊಳ್ಳದಿದ್ದರೂ ಒಂದು ಚಮಚ ರುಚಿ ನೋಡಿ. ನಮ್ಮ ಹಳೇ ಹುಣಸೆ ಹಣ್ಣಿಗೆ ಬೆಲ್ಲ ಹಾಕಿ ಕುದಿಸಿ ಇಳಿಸಿದ ಹಾಗೆ, ಆದರೆ ಇನ್ನೂ ಆಳ. ಮೂರು ಮಿಶೆಲಿನ್ ನಕ್ಷತ್ರದ ಒಸ್ತೆರಿಯಾ ಫ್ರಾಂಚೆಸ್ಕಾನಾ ಕೂಡ ಇದೇ ಊರಿನದು. ಅಲ್ಲಿಗೆ ತಿಂಗಳುಗಳ ಮೊದಲೇ ಮೇಜು ಹಿಡಿಯಬೇಕು. ದಿಢೀರ್ ಮಂದಿ ಬಾಗಿಲ ಮುಂದೆ ಫೋಟೊ ತೆಗೆಸಿಕೊಂಡು ಬರಬಹುದು.

ಪಾರ್ಮಾದ ಲಾಭ ನಷ್ಟ ಬೇರೆ ಥರ. ಊರು ಶಾಂತ, ಸಪಾಟು, ಸೈಕಲ್ಲಿನ ಊರು. ವಯಸ್ಸಾದವರ ಜೊತೆ ನಡೆಯಲು ಈ ನಾಲ್ಕರಲ್ಲಿ ಇದೇ ಸುಲಭ. 1196ರಲ್ಲಿ ಶುರುವಾದ ಎಂಟು ಮೂಲೆಯ ಬ್ಯಾಪ್ಟಿಸ್ಟರಿ, ಅಂದರೆ ಕ್ರೈಸ್ತರ ದೀಕ್ಷಾಸ್ನಾನದ ಕಟ್ಟಡ, ಅದರ ನಸುಗೆಂಪು ಕಲ್ಲು ಸಂಜೆ ಬೆಳಕಿನಲ್ಲಿ ಹೊಳೆಯುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಪಕ್ಕದ ಚರ್ಚಿನ ಗುಮ್ಮಟದಲ್ಲಿ ಕೊರೆಜ್ಜೊ ಬರೆದ ಚಿತ್ರವಿದೆ. ಕುತ್ತಿಗೆ ಎತ್ತಿ ನೋಡಿ ನೋಡಿ ನೋಯುತ್ತದೆ. ಆದರೆ ಭಾನುವಾರ ಮಧ್ಯಾಹ್ನ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಗೆಳೆಯರ ಗುಂಪಿಗೆ ಒಂದೇ ದಿನಕ್ಕೆ ಬೇಸರ ಬಂದೀತು.

ಪಾರ್ಮಾಕ್ಕೆ ಜನ ಬರುವುದು ಹ್ಯಾಮ್ (ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆ) ಮತ್ತು ಆಗಲೇ ಹೇಳಿದ ಪಾರ್ಮಿಜಾನೊ ಚೀಸ್‌ಗಾಗಿ. ಚೀಸ್ ಮಾಡುವುದನ್ನು ನೋಡಬೇಕಾದರೆ ಬೆಳಿಗ್ಗೆ ಬೇಗ ಹೋಗಬೇಕು. ತಾಮ್ರದ ಹಂಡೆಗಳಲ್ಲಿ ಹಾಲು ಒಡೆಯುವುದು ದಿನಕ್ಕೊಂದೇ ಸಲ. ಸುಮಾರು 550 ಲೀಟರ್ ಹಾಲಿಗೆ 40 ಕಿಲೋ ತೂಗುವ ಒಂದು ಗಾಲಿ ಚೀಸ್, ಕನಿಷ್ಠ 12 ತಿಂಗಳು ಕಾಯಬೇಕು. ಡೈರಿಗಳು ಊರ ಹೊರಗೆ ಇವೆ. ಹಿಂದಿನ ದಿನವಾದರೂ ಫೋನ್ ಮಾಡಿ ಹೇಳಬೇಕು, ಕಾರು ಬೇಕು. ಹಾಗಾಗಿ ದಿಢೀರ್ ಪ್ರವಾಸಕ್ಕೆ ಅದು ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ಈ ಬಯಲಿನ ಕೊಟ್ಟಿಗೆಗಳಲ್ಲಿ ಹಸು ನೋಡಿಕೊಳ್ಳುವವರಲ್ಲಿ ಪಂಜಾಬಿನಿಂದ ಬಂದವರು ತುಂಬಾ ಜನ. ರೆಜ್ಜೊ ಎಮಿಲಿಯಾ ಹತ್ತಿರದ ನೊವೆಲ್ಲಾರಾದಲ್ಲಿ 2000ದಲ್ಲಿ ಬಾಗಿಲು ತೆರೆದ ದೊಡ್ಡ ಗುರುದ್ವಾರವೇ ಇದೆ.

ಮೊಟ್ಟೆ ತಿನ್ನುವ ಸಸ್ಯಾಹಾರಿಗಳಿಗೆ ಬೊಲೊನ್ಯಾಗಿಂತ ಪಾರ್ಮಾ ಒಂದು ಕೈ ಮೇಲು ಅಂತ ನನ್ನ ಅಭಿಪ್ರಾಯ. ಕಾರಣ ತೊರ್ತೆಲ್ಲಿ ದೆರ್ಬೆತ್ತಾ. ಸೊಪ್ಪು, ರಿಕೊತ್ತಾ ತುಂಬಿ, ಕರಗಿದ ಬೆಣ್ಣೆಯಲ್ಲಿ ಮುಳುಗಿಸಿ, ಮೇಲೆ ಚೀಸ್ ಉದುರಿಸಿ ಕೊಡುತ್ತಾರೆ. ಅದು ಸಸ್ಯಾಹಾರಿಗಳಿಗೆ ಅಂತ ಮಾಡಿದ್ದಲ್ಲ, ಊರಿನವರೇ ಹಬ್ಬಕ್ಕೆ ತಿನ್ನುವುದು. ಜೂನ್ 23ರ ರಾತ್ರಿ ಬೀದಿಯಲ್ಲೇ ಮೇಜು ಹಾಕಿ ಉಣ್ಣುತ್ತಾರೆ.

ನೇಪಲ್ಸ್: ಏನೂ ಗೊತ್ತಿಲ್ಲದೆ ಹೋದರೂ ಹೊಟ್ಟೆ ತುಂಬುತ್ತದೆ

ನೇಪಲ್ಸ್‌ಗೆ ಬುಕಿಂಗ್ ಬೇಡ, ಹೊತ್ತು ಗೊತ್ತು ಬೇಡ. ಮಧ್ಯಾಹ್ನ ನಾಲ್ಕಕ್ಕೆ ಇಳಿದರೂ ಬೀದಿಯಲ್ಲಿ ನಾಲ್ಕು ಮಡಿಕೆ ಮಾಡಿದ ಪಿಜ್ಜಾ ಕೈಗೆ ಕೊಡುತ್ತಾರೆ, ಎರಡು ಮೂರು ಯೂರೊ. ಕೂತು ತಿಂದರೂ ಮಾರ್ಗೆರೀತಾ ಪಿಜ್ಜಾ ಐದರಿಂದ ಎಂಟು ಯೂರೊ ಅಷ್ಟೇ. ಹೆಸರಾಂತ ಅಂಗಡಿಗಳಲ್ಲಿ ಬಾಗಿಲಲ್ಲಿ ಹೆಸರು ಬರೆಸಿ ರಸ್ತೆಯಲ್ಲಿ ನಿಲ್ಲಬೇಕು. ಒಂದು ಗಂಟೆ ಕಾದರೂ ಕಾದೀತು. ನಾನು ಕಾಯುವುದಿಲ್ಲ. ಪಕ್ಕದ ಬೀದಿಯ ಹೆಸರಿಲ್ಲದ ಅಂಗಡಿಯದ್ದೂ ಜರ್ಮನಿಯ ಯಾವ ಪಿಜ್ಜಾಕ್ಕಿಂತ ಚೆನ್ನಾಗಿರುತ್ತದೆ.

ಮೊಟ್ಟೆ ತಿನ್ನದವರಿಗೆ ಇದು ತವರು. ಇಲ್ಲಿನ ಪಿಜ್ಜಾ ಹಿಟ್ಟು ಅಂದರೆ ಹಿಟ್ಟು, ನೀರು, ಉಪ್ಪು, ಯೀಸ್ಟ್. ಮರಿನಾರಾ ಪಿಜ್ಜಾ ಕೇಳಿ. ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಅಷ್ಟೇ, ಚೀಸ್ ಕೂಡ ಇಲ್ಲ. ರೆನೆಟ್ ಚಿಂತೆಯೂ ಇಲ್ಲ. ಕಟ್ಟಿಗೆ ಒಲೆಯಲ್ಲಿ ಒಂದು ಒಂದೂವರೆ ನಿಮಿಷದಲ್ಲಿ ಬೇಯುತ್ತದೆ. ಒಲೆ ಮುಂದೆ ನಿಂತು ನೋಡುವುದೇ ಚೆಂದ. ಈ ಪಿಜ್ಜಾ ಕೈಚಳಕವನ್ನು ಯುನೆಸ್ಕೊ 2017ರಲ್ಲಿ ಪರಂಪರೆ ಅಂತ ಗುರುತಿಸಿತು. ಚೀಸ್ ತಿನ್ನುವವರು ಎಮ್ಮೆ ಹಾಲಿನ ಮೊಝರೆಲ್ಲಾ ಬಿಡಬೇಡಿ. ಎಮ್ಮೆ ಹಾಲಿನ ಗಟ್ಟಿ ಮೊಸರು ತಿಂದು ಬೆಳೆದವರಿಗೆ ಮೊದಲ ತುತ್ತಿಗೇ ಗುರುತು ಸಿಗುತ್ತದೆ.

ಎಡವುವ ಜಾಗಗಳೂ ಇವೆ. ಕರಿದ ಪಿಜ್ಜಾದೊಳಗೆ ರಿಕೊತ್ತಾ ಜೊತೆ ಹಂದಿ ಚೂರು ಇರುತ್ತದೆ. ತಾರಾಲ್ಲಿ ಅಂತ ನಮ್ಮ ಕೋಡುಬಳೆಯ ತಮ್ಮನ ಹಾಗೆ ಕಾಣುವ ತಿಂಡಿ ಇದೆ, ಮೆಣಸು ಬಾದಾಮಿ ಹಾಕಿದ್ದು. ಕಲಸಿರುವುದು ಹಂದಿ ಕೊಬ್ಬಿನಲ್ಲಿ. ಪದರ ಪದರವಾಗಿ ಚಿರೋಟಿಯಂತೆ ಬಿಚ್ಚಿಕೊಳ್ಳುವ ಸ್ಫೊಲ್ಯಾತೆಲ್ಲಾಕ್ಕೂ ಸಾಂಪ್ರದಾಯಿಕವಾಗಿ ಅದೇ. ಇದು ತಿಳಿದ ದಿನ ನಮ್ಮ ಮನೆಯಲ್ಲಿ ಒಂದು ಗಂಟೆ ಮೌನವಿತ್ತು. ಹಿಂದಿನ ದಿನ ನಾಲ್ಕು ತಿಂದಾಗಿತ್ತು.

ಇನ್ನು ಊರು. ಗಲಾಟೆ, ಸ್ಕೂಟರು, ಬಾಲ್ಕನಿಯಿಂದ ಬಾಲ್ಕನಿಗೆ ಬಟ್ಟೆ. ಚಿಕ್ಕಪೇಟೆಯ ಗಲ್ಲಿಗಳಲ್ಲಿ ಓಡಾಡಿದವರಿಗೆ ಹೊಸದಲ್ಲ, ಮ್ಯೂನಿಕ್ ಶಿಸ್ತಿಗೆ ಒಗ್ಗಿದವರಿಗೆ ಮೊದಲ ಗಂಟೆ ತಲೆ ಸುತ್ತುತ್ತದೆ. ಜೇಬು ಜೋಪಾನ. ಕಲ್ಲು ಹಾಸಿನ ಬೀದಿಯಲ್ಲಿ ಮಗುವಿನ ತಳ್ಳುಗಾಡಿ ತಳ್ಳುವುದು ಕಷ್ಟ. ವಿಮಾನ ನಿಲ್ದಾಣ ಮಾತ್ರ ಊರಿಗೆ ಅಂಟಿಕೊಂಡೇ ಇದೆ, ಬಸ್ಸಿಗೆ ಐದು ಯೂರೊ. ರೋಮ್‌ನಿಂದ ವೇಗದ ರೈಲಿಗೆ ಒಂದು ಗಂಟೆ ಚಿಲ್ಲರೆ.

ಊಟದಾಚೆ ನೋಡಲು ಈ ಪಟ್ಟಿಯಲ್ಲಿ ನೇಪಲ್ಸ್‌ಗೆ ಸಾಟಿಯಿಲ್ಲ. ಆದರೆ ಊಟಕ್ಕೆ ಬೇಡದ ಬುಕಿಂಗ್ ಇಲ್ಲಿ ಬೇಕು. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಹಳೇ ಊರು ಪಾಂಪೆಗೆ 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರ ಮಿತಿ ಹಾಕಿ, ಟಿಕೆಟ್ ಮೇಲೆ ಹೆಸರು ಬರೆಯುವ ನಿಯಮ ತಂದರು. ಮುಸುಕಿನೊಳಗಿನ ಕ್ರಿಸ್ತನ ಶಿಲ್ಪ ಇರುವ ಸಾನ್ಸೆವೆರೊ ಚಾಪೆಲ್ಲಿನ ಟಿಕೆಟ್ ಬೇಗ ಮುಗಿಯುತ್ತದೆ. ಅದಕ್ಕೂ ಪುರಾತತ್ವ ಮ್ಯೂಸಿಯಂಗೂ ಮಂಗಳವಾರ ರಜೆ. ಪಾಂಪೆ ಸಿಗದಿದ್ದರೆ ಎರ್ಕೊಲಾನೊಗೆ ಹೋಗಿ. ಅದೇ ವೆಸೂವಿಯಸ್ ಜ್ವಾಲಾಮುಖಿ ಕ್ರಿಸ್ತಶಕ 79ರಲ್ಲಿ ಹೂತುಹಾಕಿದ ಊರು. ಸಣ್ಣದು, ಅರ್ಧ ದಿನ ಸಾಕು. ಸುಟ್ಟು ಕರಕಲಾದ ಮರದ ತೊಲೆಗಳು ಕೂಡ ಉಳಿದಿವೆ. ನನಗೆ ಪಾಂಪೆಗಿಂತ ಅದೇ ಹಿಡಿಸಿತು.

ಪಲೆರ್ಮೊ: ದೂರ, ಆದರೆ ಬಜ್ಜಿ ಸಿಗುತ್ತದೆ

ಪಲೆರ್ಮೊ ಸಿಸಿಲಿ ದ್ವೀಪದಲ್ಲಿದೆ. ರೈಲಿನಲ್ಲೂ ಹೋಗಬಹುದು, ರೈಲನ್ನೇ ಹಡಗಿಗೆ ಹತ್ತಿಸಿ ದಾಟಿಸುತ್ತಾರೆ. ಮೂರು ದಿನದ ರಜೆಯಲ್ಲಿ ಅದಕ್ಕೆ ಹೊತ್ತಿಲ್ಲ. ವಿಮಾನವೇ ಗತಿ. ನಿಮ್ಮೂರಿನಿಂದ ನೇರ ವಿಮಾನ ಇದ್ದರೆ ಮಾತ್ರ ಮುಂದೆ ಓದಿ. ನಿಲ್ದಾಣವೂ ಊರಿನಿಂದ ಮೂವತ್ತು ಕಿಲೋಮೀಟರ್ ಮೇಲಿದೆ, ಹತ್ತಿರ ಹತ್ತಿರ ಒಂದು ಗಂಟೆ.

ಹೋದಿರಾ, ಬಲ್ಲರೊ ಸಂತೆಗೆ ಬೆಳಿಗ್ಗೆಯೇ ಹೋಗಿ. ಪನೆಲ್ಲೆ ಅಂದರೆ ಕಡಲೆ ಹಿಟ್ಟನ್ನು ಗಂಜಿ ಕಾಯಿಸಿ, ಆರಿಸಿ, ತೆಳ್ಳಗೆ ಕತ್ತರಿಸಿ ಕರಿದದ್ದು. ಬನ್ನಿನಲ್ಲಿಟ್ಟು ನಿಂಬೆ ಹಿಂಡಿ ಕೊಡುತ್ತಾರೆ. ಜೊತೆಗೆ ಆಲೂಗಡ್ಡೆಯ ಸಣ್ಣ ಬೋಂಡ. ಹಸಿಮೆಣಸಿನಕಾಯಿ ಒಂದಿದ್ದರೆ ಶಿವಮೊಗ್ಗದ ಸಂಜೆಯೇ. ಕಪೊನಾತಾ ಅನ್ನುವುದು ಬದನೆಕಾಯಿಯ ಹುಳಿ ಸಿಹಿ ಪಲ್ಯ. ನಮ್ಮ ಗೊಜ್ಜಿಗೆ ಇಷ್ಟು ಹತ್ತಿರದ ರುಚಿಯನ್ನು ಯೂರೋಪಿನಲ್ಲಿ ಬೇರೆಲ್ಲೂ ಕಂಡಿಲ್ಲ. ಬಾದಾಮಿ ಗ್ರಾನೀತಾ, ಅಂದರೆ ಪುಡಿ ಪುಡಿಯಾದ ಮಂಜಿನಂಥ ಸಿಹಿ, ಬೆಳಗಿನ ತಿಂಡಿಗೆ. ಜೊತೆಗೆ ಕೊಡುವ ಬ್ರಿಯೋಶ್ ಬನ್ನಿನಲ್ಲಿ ಮೊಟ್ಟೆ ಇರುತ್ತದೆ, ಅದೊಂದನ್ನು ಬಿಡಬಹುದು. ಅರಂಚಿನಾ ಅನ್ನದ ಉಂಡೆಗೆ ಬೆಣ್ಣೆಯದ್ದು ಅಂತ ಹೆಸರಿದ್ದರೂ ಒಳಗೆ ಹ್ಯಾಮ್ ಇರುತ್ತದೆ. ಪಾಲಕ್‌ದು ಇದೆಯಾ ಅಂತ ಕೇಳಿ. ಮಾಂಸಾಹಾರಿಗಳಲ್ಲಿ ಗಟ್ಟಿ ಎದೆಯವರಿಗೆ ಗುಲ್ಮದ ಬನ್ನೂ ಇದೆ.

ನೋಡಲು ಒಂದೇ ಹೇಳುತ್ತೇನೆ. ನಾರ್ಮನ್ ರಾಜ ಎರಡನೇ ರೊಜರ್ ಅರಮನೆಯಲ್ಲಿ ಕಟ್ಟಿಸಿದ ಪಾಲತೀನಾ ಚಾಪೆಲ್. ಗೋಡೆಯ ತುಂಬ ಬಿಜಾಂಟಿಯನ್ ಚಿನ್ನದ ಮೊಸಾಯಿಕ್, ತಲೆಯ ಮೇಲೆ ಅರಬ್ ಕುಶಲಿಗರ ಮರದ ಚಾವಣಿ. ಇದೂ ಇನ್ನಷ್ಟು ಕಟ್ಟಡಗಳೂ 2015ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ಊಟದ ಖರ್ಚು ಉಳಿದ ಊರುಗಳಿಗಿಂತ ಕಡಿಮೆ. ಜುಲೈ ಆಗಸ್ಟಿನಲ್ಲಿ ಸೆಕೆ ತಡೆಯುವುದಿಲ್ಲ. ನವೆಂಬರಿನಿಂದ ಮಾರ್ಚ್‌ವರೆಗೆ ಜರ್ಮನಿಯ ಕತ್ತಲೆಯಿಂದ ತಪ್ಪಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಊರಿಲ್ಲ.

ಉತ್ತರ ಇಟಲಿಯ ತುರಿನ್ ಊರನ್ನು ಯಾಕೆ ಹಾಕಿಲ್ಲ ಅಂತ ಕೇಳುತ್ತಾರೆ. ಹೇಝಲ್‌ನಟ್ ಚಾಕೊಲೇಟಿಗೆ, ಕಾಫಿ ಚಾಕೊಲೇಟ್ ಕೆನೆ ಪದರವಾಗಿ ಹಾಕಿದ ಬಿಚೆರೀನ್‌ಗೆ, ಈಜಿಪ್ಟ್ ಮ್ಯೂಸಿಯಂಗೆ ಖಂಡಿತ ಹೋಗಿ. ಊಟಕ್ಕೆ ಅಂತಲೇ ಹೋಗುವುದಾದರೆ ಕರುವಿನ ಮಾಂಸ, ಸಣ್ಣ ಮೀನು ಜಾಸ್ತಿ. ನಮ್ಮಂಥವರಿಗೆ ಎರಡನೇ ಸಲದ ಊರು.

ಹಾಗಾದರೆ ನೀವು ಎಲ್ಲಿಗೆ?

ಎಲ್ಲ ತಿನ್ನುತ್ತೀರಿ, ಇಬ್ಬರೇ ಇದ್ದೀರಿ, ಕೈಯಲ್ಲಿ ಸ್ವಲ್ಪ ದುಡ್ಡಿದೆ ಅಂದರೆ ಬೊಲೊನ್ಯಾ. ಮೇಳದ ದಿನವಾದರೆ ರೂಮು ಮೊದೆನಾದಲ್ಲಿ. ಮಂಡಿ ನೋವಿನ ಹಿರಿಯರು, ಮೊಟ್ಟೆ ನಡೆಯುತ್ತದೆ ಅಂದರೆ ಪಾರ್ಮಾದಲ್ಲಿ ಉಳಿದು ಒಂದು ದಿನ ಬೊಲೊನ್ಯಾಕ್ಕೆ ಹೋಗಿಬನ್ನಿ. ವಿದ್ಯಾರ್ಥಿಗಳು, ಕೈ ಬಿಗಿ ಇರುವವರು, ಯಾವ ಹೊತ್ತಿಗೆ ತಲುಪುತ್ತೇವೋ ಗೊತ್ತಿಲ್ಲದವರು ನೇಪಲ್ಸ್‌ಗೆ. ನಮ್ಮ ಲೆಕ್ಕದಲ್ಲಿ ಅಲ್ಲಿ ಒಬ್ಬರಿಗೆ ದಿನಕ್ಕೆ 25 ಯೂರೊದಲ್ಲಿ ಹೊಟ್ಟೆ ಬಿರಿಯುತ್ತದೆ, ಬೊಲೊನ್ಯಾದಲ್ಲಿ 45 ಬೇಕು. ಮೊಟ್ಟೆ, ಮಾಂಸ ಎರಡೂ ಬೇಡ ಅನ್ನುವವರು ನೇಪಲ್ಸ್ ಇಲ್ಲವೇ ಪಲೆರ್ಮೊ. ನೇರ ವಿಮಾನ ಯಾವುದಕ್ಕೆ ಅಗ್ಗವೋ ಅದು. ಸಣ್ಣ ಮಕ್ಕಳಿದ್ದು ಮಳೆಯ ವಾರವಾದರೆ ಬೊಲೊನ್ಯಾದ ಸೂರಿನ ಕೆಳಗೆ ತಳ್ಳುಗಾಡಿ ಸಲೀಸಾಗಿ ಓಡುತ್ತದೆ.

ಟಿಕೆಟ್ ಒತ್ತುವ ಮುಂಚೆ ಐದು ನಿಮಿಷ ತೆಗೆದಿಡಿ. ಬೊಲೊನ್ಯಾ ಆದರೆ ಮೇಳದ ಕ್ಯಾಲೆಂಡರ್ ನೋಡಿ. ತಿಂಗಳ ಮೊದಲ ಭಾನುವಾರವಾ ನೋಡಿ, ಅವತ್ತು ಸರ್ಕಾರಿ ಮ್ಯೂಸಿಯಂಗಳು ಬಿಟ್ಟಿ, ಜನಜಾತ್ರೆ. ಆಗಸ್ಟ್ 15ರ ಆಸುಪಾಸು ಉತ್ತರದ ಊರುಗಳಲ್ಲಿ ಒಳ್ಳೆಯ ಅಂಗಡಿಗಳೇ ಬಾಗಿಲು ಹಾಕಿ ರಜೆಗೆ ಹೋಗಿರುತ್ತವೆ. ಮೂರು ಮಾತು ಬಾಯಿಪಾಠ ಮಾಡಿ. ಸೆನ್ತ್ಸಾ ಕಾರ್ನೆ ಅಂದರೆ ಮಾಂಸ ಇಲ್ಲದೆ. ಸೆನ್ತ್ಸಾ ಉವೊವಾ ಅಂದರೆ ಮೊಟ್ಟೆ ಇಲ್ಲದೆ. ಚೇ ಸ್ತ್ರುತ್ತೊ ಅಂತ ಪ್ರಶ್ನೆಯ ರಾಗದಲ್ಲಿ ಕೇಳಿದರೆ ಹಂದಿ ಕೊಬ್ಬು ಇದೆಯಾ ಅಂತ. ಬರೀ ವೆಜಿಟೇರಿಯನ್ ಅಂದರೆ ಸಾಲದು. ತರಕಾರಿ ರಿಸೊತ್ತೊ ಅನ್ನುವ ಮೆತ್ತನೆ ಅನ್ನ ಮಾಂಸದ ಸಾರಿನಲ್ಲಿ ಬೆಂದಿರಬಹುದು, ಅದನ್ನೂ ಕೇಳಬೇಕು.

ಅಕ್ಟೋಬರ್‌ನಲ್ಲಿ ನಮ್ಮ ಅಮ್ಮ ಶಿವಮೊಗ್ಗದಿಂದ ಬರುತ್ತಾರೆ. ಮೊಟ್ಟೆ ಮುಟ್ಟುವುದಿಲ್ಲ, ಬೆಳ್ಳುಳ್ಳಿಗೆ ಅಭ್ಯಂತರವಿಲ್ಲ, ನಡೆಯಲು ಉತ್ಸಾಹ, ಗಲಾಟೆಗೆ ಹೆದರುವುದಿಲ್ಲ. ನೇಪಲ್ಸ್ ಅಂತ ಆಗಿದೆ. ಸ್ಫೊಲ್ಯಾತೆಲ್ಲಾ ಅಂಗಡಿ ಇರುವ ಬೀದಿ ಬಿಟ್ಟು ಬೇರೆ ದಾರಿ ಹುಡುಕುತ್ತಿದ್ದೇವೆ.